ಕಾರಿನ ಮೇಣ: ಆಯ್ಕೆ ಮತ್ತು ಲೇಪನ

ಕಾರಿನ ಮೇಣವೆಂದರೆ ವಾಹನದ ಹೊರಮೈ ಬಣ್ಣದ ಮೇಲೆ ಹಚ್ಚಿ, ಆರಲು ಬಿಟ್ಟು, ಒರೆಸಿದ ಮೇಲೆ ಉಳಿಯುವ ಅತಿ ತೆಳುವಾದ ತಾತ್ಕಾಲಿಕ ರಕ್ಷಣಾ ಪದರ. ಕಾರ್ನೌಬಾ, ಜೇನುಮೇಣ, ಪ್ಯಾರಾಫಿನ್, ಸಿಲಿಕೋನ್ ಮತ್ತು ಇತರ ಪಾಲಿಮರುಗಳು ಇದರ ಮುಖ್ಯ ದ್ರವ್ಯಗಳು. ಇದು ನೀರನ್ನು ಮೈಗೆ ಹತ್ತಗೊಡುವುದಿಲ್ಲ, ಕೊಳೆ ಕಚ್ಚಿಕೊಳ್ಳದಂತೆ ತಡೆಯುತ್ತದೆ, ಅರಿವೆ ಜಾರುವಂತೆ ಮೈಯನ್ನು ನುಣುಪಾಗಿಡುತ್ತದೆ. ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳ ಮಣ್ಣು, ನೀರು, ಬಿಸಿಲುಗಳ ಹಿನ್ನೆಲೆಯಲ್ಲಿ ಮೇಣದ ಆಯ್ಕೆ ಮತ್ತು ಲೇಪನವನ್ನು ಈ ಲೇಖನ ವಿವರಿಸುತ್ತದೆ. ಯಾವ ಕಂಪನಿಯ ಡಬ್ಬಿ, ಕೈಯೋ ಯಂತ್ರವೋ ಎಂಬ ಪ್ರಶ್ನೆಗಳೇ ಈ ವಿಷಯದಲ್ಲಿ ಮೊದಲು ಕೇಳಿಬರುತ್ತವೆ. ಆದರೆ ಎರೆಭೂಮಿಯ ಧೂಳೂ ಕೊಳವೆಬಾವಿಯ ಗಡಸು ನೀರೂ ಇರುವ ಈ ಸೀಮೆಯಲ್ಲಿ ಫಲ ನಿರ್ಧಾರವಾಗುವುದು ಅದಕ್ಕೂ ಹಿಂದಿನ ಹಂತದಲ್ಲಿ, ಅಂದರೆ ತೊಳೆಯುವುದರಲ್ಲಿ ಮತ್ತು ನೀರಾರಿಸುವುದರಲ್ಲಿ.

ಪರಿಭಾಷೆ

ಗ್ಯಾರೇಜಿನ ಮಾತಿನಲ್ಲಿ ಹೊಳಪು ಕೊಡುವ ಎಲ್ಲ ವಸ್ತುಗಳಿಗೂ ‘ಪಾಲಿಶ್’ ಎಂಬ ಒಂದೇ ಹೆಸರು ಸಲ್ಲುತ್ತದೆ. ಈ ಲೇಖನದಲ್ಲಿ ಕಾಂಪೌಂಡ್ ಮತ್ತು ಪಾಲಿಶ್ ಎಂದರೆ ಬಣ್ಣದ ಮೇಲ್ಪದರವನ್ನು ಅಷ್ಟಿಷ್ಟು ಸವೆಸಿ ಗೀರು ತೆಗೆಯುವ ಉಜ್ಜುವಸ್ತುಗಳು. ಕಾಂಪೌಂಡ್ ಒರಟು, ಪಾಲಿಶ್ ನಯ. ಮೇಣ ಮತ್ತು ಸೀಲಂಟ್ ಎಂದರೆ ಏನನ್ನೂ ಸವೆಸದೆ ಮೇಲೆ ಕೂರುವ ವಸ್ತುಗಳು. ಮೇಣದಲ್ಲಿ ನೈಸರ್ಗಿಕ ದ್ರವ್ಯ ಮುಖ್ಯ, ಸೀಲಂಟ್ ಪೂರ್ತಿ ಕೃತಕ. ಮೊದಲನೆಯವು ಬಣ್ಣವನ್ನು ಕಳೆಯುತ್ತವೆ, ಎರಡನೆಯವು ಬಣ್ಣದ ಮೇಲೆ ಕೂಡುತ್ತವೆ. ಕೈ ಮತ್ತು ಯಂತ್ರದ ಚರ್ಚೆಯಲ್ಲಿನ ಗೊಂದಲ ಬಹುಪಾಲು ಹುಟ್ಟುವುದು ಈ ಭೇದವನ್ನು ಮರೆತಾಗ. ‘ಕ್ಲೀನರ್ ವ್ಯಾಕ್ಸ್’ ಎಂಬ ಮಿಶ್ರ ಬಗೆಯಲ್ಲಿ ಎರಡೂ ಇರುತ್ತವೆ. ಅದನ್ನು ಹಚ್ಚಿದಷ್ಟು ಸಲವೂ ಬಣ್ಣ ಕೊಂಚ ಸವೆಯುತ್ತದೆ.

ಹಿನ್ನೆಲೆ

ವಾಹನದ ಮೇಣ ಮರದ ಸಾಮಾನಿನ ಮೇಣದ ಮುಂದುವರಿಕೆ. ಅಮೆರಿಕದ ರೇಸಿನ್ ಪಟ್ಟಣದಲ್ಲಿ 1886ರಲ್ಲಿ ಮರದ ನೆಲಹಾಸಿನ ವ್ಯಾಪಾರ ಆರಂಭಿಸಿದ ಜಾನ್ಸನ್ ಕಂಪನಿ ಮುಂದೆ ಅದೇ ನೆಲಕ್ಕೆ ಬೇಕಾದ ಮೇಣವನ್ನೂ ಮಾರಲು ಶುರುಮಾಡಿತು. 20ನೆಯ ಶತಮಾನದ ಆರಂಭದಲ್ಲಿ ಸೈಮನೈಸ್, 1940ರ ದಶಕದಲ್ಲಿ ಟರ್ಟಲ್ ವ್ಯಾಕ್ಸ್, ಎರಡೂ ಶಿಕಾಗೋ ಮೂಲದವು, ಕಾರಿಗೆಂದೇ ಮೇಣ ತಯಾರಿಸಿದವು. ಆ ಕಾಲದ ಕಾರುಗಳ ಬಣ್ಣ ಒಂದೇ ಪದರದ್ದು. ಬಿಸಿಲಿಗೆ ಬೇಗ ಸುಣ್ಣ ಬಳಿದಂತೆ ಮಾಸುತ್ತಿತ್ತು. ಮೇಣವಿಲ್ಲದೆ ಅದಕ್ಕೆ ಹೊಳಪೇ ಇರಲಿಲ್ಲ. ಭಾರತದ ಅಂಬಾಸಡರ್, ಪ್ರೀಮಿಯರ್ ಪದ್ಮಿನಿ ಕಾರುಗಳಿಗೂ ಇದೇ ಮಾತು ಸಲ್ಲುತ್ತದೆ. ಉಜ್ಜಿದರೆ ಅರಿವೆಗೆ ಬಣ್ಣ ಹತ್ತುವುದು ಒಂಟಿ ಪದರದ ಗುರುತು. ಟ್ರ್ಯಾಕ್ಟರು, ಲಾರಿ ಮತ್ತು ಹಳೆಯ ಜೀಪುಗಳಲ್ಲಿ ಇಂಥ ಬಣ್ಣ ಈಗಲೂ ಕಾಣುತ್ತದೆ.

ಇಂದಿನ ಕಾರಿನ ತಗಡಿನ ಮೇಲೆ ತುಕ್ಕು ತಡೆಯುವ ಪದರ, ಪ್ರೈಮರ್, ಬಣ್ಣ, ಅದರ ಮೇಲೆ ಪಾರದರ್ಶಕ ಕ್ಲಿಯರ್ ಕೋಟ್, ಹೀಗೆ ಒಂದರ ಮೇಲೊಂದು ಪದರಗಳಿರುತ್ತವೆ. ಎಲ್ಲ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಅದರಲ್ಲಿ ಕ್ಲಿಯರ್ ಕೋಟಿನ ಪಾಲು 35ರಿಂದ 50 ಮೈಕ್ರಾನ್, ಅಂದರೆ ತಲೆಗೂದಲಿಗಿಂತ ತೆಳು. ಹೊಳಪೆಲ್ಲ ಈ ಪದರದ್ದು. ಬಿಸಿಲಿನ ನೇರಳಾತೀತ ಕಿರಣಗಳನ್ನು ಹೀರುವ ರಾಸಾಯನಿಕವೂ ಇದರೊಳಗೇ ಬೆರೆತಿರುತ್ತದೆ. ಈ ಪದರವನ್ನು ಸವೆಸಿದರೆ ಮತ್ತೆ ಬೆಳೆಯುವುದಿಲ್ಲ.

ಬಗೆಗಳು

ನೈಸರ್ಗಿಕ ಮೇಣಗಳಲ್ಲಿ ಅತಿ ಗಡಸಾದುದು ಕಾರ್ನೌಬಾ. ಬ್ರೆಜಿಲ್ ದೇಶದ ಈಶಾನ್ಯ ಭಾಗದ ಒಂದು ಜಾತಿಯ ತಾಳೆಮರದ ಎಲೆಗಳನ್ನು ಕಡಿದು, ಒಣಗಿಸಿ, ಬಡಿದು ಉದುರಿಸಿದ ಪುಡಿಯಿಂದ ಇದನ್ನು ತೆಗೆಯುತ್ತಾರೆ. ಜಾನ್ಸನ್ ಕಂಪನಿಯ ಮುಖ್ಯಸ್ಥ ಎಚ್. ಎಫ್. ಜಾನ್ಸನ್ 1935ರಲ್ಲಿ ಈ ಮರವನ್ನು ಹುಡುಕಿಕೊಂಡು ವಿಮಾನದಲ್ಲಿ ಬ್ರೆಜಿಲ್‌ಗೆ ಹೋಗಿದ್ದ. ಕಾರ್ನೌಬಾ ಕರಗುವುದು ಸುಮಾರು 82ರಿಂದ 86 ಡಿಗ್ರಿ ಸೆಲ್ಸಿಯಸ್‌ಗೆ. ಜೇನುಮೇಣ 62ರಿಂದ 65 ಡಿಗ್ರಿಗೆ. ಪ್ಯಾರಾಫಿನ್ ಬಹುಮಟ್ಟಿಗೆ ಅದಕ್ಕೂ ಕೆಳಗೆ. ಏಪ್ರಿಲ್-ಮೇ ತಿಂಗಳ ರಾಮದುರ್ಗದಲ್ಲಿ ಗಾಳಿಯ ಉಷ್ಣತೆ 40 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ಬಯಲಲ್ಲಿ ನಿಂತ ಕಪ್ಪು ಕಾರಿನ ಬಾನೆಟ್ ಆಗ 60 ಡಿಗ್ರಿ ದಾಟುವುದು ಸಹಜ. ಜೇನುಮೇಣ, ಪ್ಯಾರಾಫಿನ್ ಪ್ರಧಾನವಾದ ಅಗ್ಗದ ಪೇಸ್ಟ್ ಅಂಥ ಬಿಸಿಗೆ ಮೆತ್ತಗಾಗಿ ಧೂಳನ್ನು ಹಿಡಿದುಕೊಳ್ಳುತ್ತದೆ.

ಹಾಗಾದರೆ ಕಾರ್ನೌಬಾ ಇದ್ದರೆ ಸಾಕಲ್ಲವೇ ಎಂದು ಕೇಳಬಹುದು. ಡಬ್ಬಿಯೊಳಗೆ ಇರುವುದು ಶುದ್ಧ ಕಾರ್ನೌಬಾ ಅಲ್ಲ. ಶುದ್ಧ ರೂಪದಲ್ಲಿ ಅದು ಕಲ್ಲಿನಂತೆ ಗಟ್ಟಿ, ಹಚ್ಚಲು ಬರುವುದಿಲ್ಲ. ಪೆಟ್ರೋಲಿಯಂ ದ್ರಾವಕ, ಎಣ್ಣೆ, ಸಿಲಿಕೋನ್, ಮೆತ್ತನೆಯ ಬೇರೆ ಮೇಣಗಳನ್ನು ಬೆರೆಸಿಯೇ ಅದನ್ನು ಪೇಸ್ಟ್ ಮಾಡಬೇಕು. ಬೆರೆಸಿದಷ್ಟೂ ಕರಗುವ ಬಿಂದು ಕೆಳಗಿಳಿಯುತ್ತದೆ. ಆದ್ದರಿಂದ ಡಬ್ಬಿಯ ಮೇಲೆ ಕಾರ್ನೌಬಾ ಎಂದು ಬರೆದಿರುವುದು ಬಿಸಿಲು ತಾಳುವುದಕ್ಕೆ ಖಾತ್ರಿಯಲ್ಲ. ಕೃತಕ ಸೀಲಂಟ್‌ಗಳಲ್ಲಿ ಪಾಲಿಮರ್ ಅಣುಗಳು ಬಣ್ಣಕ್ಕೆ ಹೆಚ್ಚು ಬಿಗಿಯಾಗಿ ಅಂಟುತ್ತವೆ, ಬಿಸಿಲಿಗೆ ಬೇಗ ಮೆತ್ತಗಾಗುವುದಿಲ್ಲ, ತೊಳೆಯುವ ಶಾಂಪೂವಿಗೂ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ನೈಸರ್ಗಿಕ ಮೇಣ ವಾರಗಳ ಲೆಕ್ಕದಲ್ಲಿ ಬಾಳಿದರೆ ಸೀಲಂಟ್ ತಿಂಗಳುಗಳ ಲೆಕ್ಕದಲ್ಲಿ ಬಾಳುತ್ತದೆ. ನೆರಳಿನ ಶೆಡ್ ಇಲ್ಲದ, ದಿನವೂ ಧೂಳಿನ ದಾರಿ ತುಳಿಯುವ ವಾಹನಕ್ಕೆ ಈ ಸೀಮೆಯಲ್ಲಿ ಸೀಲಂಟೇ ತಕ್ಕ ಆಯ್ಕೆ. ಕಾರ್ನೌಬಾದ ಗುಣ ಎದ್ದು ಕಾಣುವುದು ಕಡುಬಣ್ಣದ, ಮನೆಯೊಳಗೆ ನಿಲ್ಲುವ ಕಾರಿನ ಮೇಲೆ.

ಸ್ಪ್ರೇ ಮೇಣ ತೊಳೆದಾದ ಮೇಲೆ ಹಳೆಯ ಪದರವನ್ನು ತುಸು ತುಂಬಿಕೊಡಲು ಉಪಯುಕ್ತ; ತಾನೇ ಪ್ರಧಾನ ಪದರವಾಗಲಾರದು.

ಸೀಮೆಯ ಧೂಳು ಮತ್ತು ನೀರು

ನಾಲ್ಕು ತಾಲ್ಲೂಕುಗಳ ಕೊಳೆ ಒಂದೇ ತೆರನಲ್ಲ. ಹತ್ತಿಯ ಪೇಟೆಯಾದ ಬೈಲಹೊಂಗಲದ ಸುತ್ತ ಎರೆಭೂಮಿ ಹರಡಿದೆ. ಎರೆಮಣ್ಣಿನ ಜೇಡಿ ಅತಿ ಸಣ್ಣ ಕಣದ್ದು. ಹಸಿಯಾದಾಗ ಉಬ್ಬಿ ಮೈಗೆ ಮೆತ್ತಿಕೊಳ್ಳುತ್ತದೆ, ಒಣಗುವಾಗ ಕುಗ್ಗಿ ಗಟ್ಟಿ ಹೊಪ್ಪಳೆಯಾಗುತ್ತದೆ. ಸವದತ್ತಿ ಮತ್ತು ರಾಮದುರ್ಗದ ಗುಡ್ಡಗಳದ್ದು ಬೇರೆ ಕಥೆ. ಅವು ಭೂವಿಜ್ಞಾನಿಗಳು ಕಲಾದಗಿ ಶಿಲಾಸಮೂಹವೆಂದು ಕರೆಯುವ ಪ್ರಾಚೀನ ಬಂಡೆಗಳು. ಅದರ ಒಂದು ಸ್ತರಕ್ಕೆ ‘ಸೌಂದತ್ತಿ ಕ್ವಾರ್ಟ್‌ಜೈಟ್’ ಎಂಬ ಹೆಸರೇ ಇದೆ. ನವಿಲುತೀರ್ಥದಲ್ಲಿ ಮಲಪ್ರಭೆ ಸೀಳಿಕೊಂಡು ಹರಿಯುವುದು ಇಂಥ ಬಂಡೆಯನ್ನೇ. ಅದು ಸವೆದು ಬರುವ ಮರಳು ಕ್ವಾರ್ಟ್ಸ್; ಗಡಸುತನದ ಮೋಸ್ ಮಾಪಕದಲ್ಲಿ 7. ಗಾಜನ್ನು ಗೀರಬಲ್ಲ ಆ ಕಣದ ಮುಂದೆ ಕ್ಲಿಯರ್ ಕೋಟ್ ಬರಿಯ ಮೆತ್ತನೆಯ ಪ್ಲಾಸ್ಟಿಕ್. ಕಿತ್ತೂರಿನಲ್ಲಿ ಸಹ್ಯಾದ್ರಿಯ ಸೆರಗಿನ ಮಳೆ ಹೆಚ್ಚು, ಪುಣೆ-ಬೆಂಗಳೂರು ಹೆದ್ದಾರಿಯ ಡಾಂಬರು ಚುಕ್ಕೆ, ಹುಳುಗಳ ರಸ ಹೆಚ್ಚು. ಕಬ್ಬು ನುರಿಸುವ ಹಂಗಾಮಿನಲ್ಲಿ ಎಂ. ಕೆ. ಹುಬ್ಬಳ್ಳಿಯ ಮಲಪ್ರಭಾ ಸಕ್ಕರೆ ಕಾರ್ಖಾನೆಯಂಥ ಕಡೆ ಕಬ್ಬಿನ ಸಿಪ್ಪೆ ಉರಿದ ಬೂದಿಯೂ ಗಾಳಿಗೆ ಕೂಡುತ್ತದೆ. ಆ ಬೂದಿಯ ದೊಡ್ಡ ಪಾಲು ಸಿಲಿಕಾ.

ಈ ಕಣಗಳು ಮೈಮೇಲಿರುವಾಗ ಒಣ ಅರಿವೆಯಿಂದ ಒರೆಸಿದರೆ ಒಂದೊಂದು ಕಣವೂ ಒಂದೊಂದು ಗೀರು ಬಿಡುತ್ತದೆ. ಬಿಸಿಲಿನಲ್ಲಿ ಬಾನೆಟ್ ಮೇಲೆ ಜೇಡರ ಬಲೆಯಂತೆ ಕಾಣುವ ಗೆರೆಗಳು ಬಹುಮಟ್ಟಿಗೆ ಹೀಗೆ ಒರೆಸಿದ್ದರಿಂದಲೇ ಆದವು. ಬೆಳಗಾದರೆ ಗಾಡಿಯನ್ನು ಒಣ ಬಟ್ಟೆಯಿಂದ ಝಾಡಿಸುವ ವಾಡಿಕೆ ಗಾಡಿಯ ಮೇಲಿನ ಅಕ್ಕರೆಯಿಂದಲೇ ಬಂದದ್ದು, ಆದರೆ ಬಣ್ಣಕ್ಕೆ ಅದರಷ್ಟು ಕೆಡುಕು ಮತ್ತೊಂದಿಲ್ಲ. ಡೀಸೆಲ್ ಅಥವಾ ಸೀಮೆಎಣ್ಣೆ ಅದ್ದಿದ ಅರಿವೆಯಿಂದ ಒರೆಸುವ ಹಳೆಯ ರೂಢಿಯೂ ಅಷ್ಟೇ: ಒಂದೆರಡು ತಾಸು ಎಣ್ಣೆಹೊಳಪು ಬರುತ್ತದೆ, ಆಮೇಲೆ ಅದೇ ಎಣ್ಣೆ ಧೂಳನ್ನು ಹಿಡಿದಿಡುತ್ತದೆ, ಇದ್ದಬದ್ದ ಮೇಣವನ್ನೂ ಕರಗಿಸುತ್ತದೆ.

ನೀರಿನ ಸಮಸ್ಯೆ ಬೇರೆಯದು. ಕೊಳವೆಬಾವಿಯ ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಕರಗಿರುತ್ತವೆ. ನೀರು ಆರಿದಾಗ ಅವು ಬಿಳಿ ಉಂಗುರವಾಗಿ ಉಳಿಯುತ್ತವೆ. ಬಿಸಿಲಲ್ಲಿ ಕಾದರೆ ಬಣ್ಣವನ್ನೇ ಕಚ್ಚುತ್ತವೆ. ಇಲ್ಲಿ ಮೇಣದ ಒಂದು ಗುಣವೇ ತೊಡಕಾಗುತ್ತದೆ. ಮೇಣ ಹಚ್ಚಿದ ಮೈಮೇಲೆ ನೀರು ದುಂಡನೆಯ ಹನಿಗಳಾಗಿ ನಿಲ್ಲುತ್ತದೆ. ಹನಿ ಆರುವಾಗ ಅದರೊಳಗಿನ ಲವಣವೆಲ್ಲ ಒಂದೇ ಚುಕ್ಕೆಯಲ್ಲಿ ಸೇರುತ್ತದೆ. ಮೇಣ ಹಚ್ಚಿದ ಕಾರನ್ನು ಸವಳು ನೀರಿನಿಂದ ತೊಳೆದು ತಾನಾಗಿ ಆರಲು ಬಿಟ್ಟರೆ ಅದರ ಮೇಲೆ ಬೀಳುವ ಚುಕ್ಕೆಗಳು ಎದ್ದು ಕಾಣುವಷ್ಟು ಗಾಢ. ಮೇಣದ ತಪ್ಪು ಇದರಲ್ಲಿಲ್ಲ. ತೊಳೆದ ಕೂಡಲೇ ನೀರು ಹೀರುವ ಮೈಕ್ರೋಫೈಬರ್ ಅರಿವೆಯಿಂದ ಆರಿಸಿದರೆ ಚುಕ್ಕೆ ಹುಟ್ಟುವುದೇ ಇಲ್ಲ. ಕೊನೆಯ ಸಲ ಹೊಯ್ಯಲು ಮಳೆನೀರು ಇದ್ದರೆ ಇನ್ನೂ ಉತ್ತಮ. ಹೊಸದಾಗಿ ಬಿದ್ದ ಚುಕ್ಕೆಗೆ ನೀರು ಬೆರೆಸಿದ ವಿನೆಗರ್ ಹಚ್ಚಿ ಕೂಡಲೇ ತೊಳೆದರೆ ಹೋಗುತ್ತದೆ. ಆ ಜಾಗಕ್ಕೆ ಮತ್ತೆ ಮೇಣ ಬೇಕು.

ಸಿದ್ಧತೆ

ತೊಳೆಯುವ ಕ್ರಮ ಮೇಲಿಂದ ಕೆಳಕ್ಕೆ: ಮೊದಲು ಒತ್ತಡದ ನೀರಿನಿಂದ ಒಣ ಮಣ್ಣನ್ನು ಮುಟ್ಟದೆಯೇ ಇಳಿಸಬೇಕು, ಎರೆಮಣ್ಣಿನ ಹೊಪ್ಪಳೆ ನೆನೆದು ಮೆತ್ತಗಾಗಲು ಕೆಲವು ನಿಮಿಷ ಕೊಡಬೇಕು, ಆಮೇಲಷ್ಟೇ ಶಾಂಪೂ ಹಾಕಿ ಕೈ ತಾಗಿಸಬೇಕು. ಬಕೆಟ್ ಎರಡಿರಬೇಕು, ಒಂದು ಶಾಂಪೂ ನೀರಿಗೆ, ಇನ್ನೊಂದು ಕೊಳೆಯಾದ ಅರಿವೆ ಜಾಲಾಡಿಸಲಿಕ್ಕೆ. ಒಂದೇ ಬಕೆಟ್‌ನಲ್ಲಿ ಅದ್ದುತ್ತ ಹೋದರೆ ಕೆಳಗಿನ ಬಾಗಿಲ ಮರಳು ಮತ್ತೆ ಬಾನೆಟ್ಟಿಗೆ ಏರುತ್ತದೆ. ಬಟ್ಟೆ ಸೋಪಿನ ಪುಡಿ ಕ್ಷಾರೀಯ. ಮೇಣವನ್ನು ಕಿತ್ತು ಹಾಕುತ್ತದೆ. ತೊಳೆದ ಮೇಲೂ ಅಂಗೈ ಸವರಿದಾಗ ಒರಟೊರಟಾಗಿ ತಗುಲಿದರೆ ಡಾಂಬರು, ಬ್ರೇಕಿನ ಕಬ್ಬಿಣದ ಪುಡಿ, ಕಾರ್ಖಾನೆಯ ಮಸಿ ಬಣ್ಣದಲ್ಲಿ ನೆಟ್ಟಿವೆ ಎಂದರ್ಥ. ಅದನ್ನು ತೆಗೆಯುವುದು ಕ್ಲೇ ಬಾರ್ ಎಂಬ ಮೆದು ಮುದ್ದೆ. ಶಾಂಪೂ ನೀರು ಚಿಮುಕಿಸಿ, ಒತ್ತದೆ, ಜಾರಿಸುತ್ತ ಹೋಗಬೇಕು. ಕೆಳಗೆ ಬಿದ್ದ ಮುದ್ದೆಯನ್ನು ಮರಳಿ ಬಳಸಬಾರದು.

ಕೈಯಿಂದ ಲೇಪನ

ಸಣ್ಣ ಕಾರಿನ ಬಣ್ಣ ಬಳಿದ ಹೊರಮೈ ಸುಮಾರು 10 ಚದರ ಮೀಟರ್ ಎಂದಿಟ್ಟುಕೊಂಡರೆ, ಅದರ ಮೇಲೆ ಒಂದು ಮೈಕ್ರಾನ್ ದಪ್ಪದ ಪದರ ನಿಲ್ಲಿಸಲು ಬೇಕಾಗುವ ಮೇಣ 10 ಮಿಲಿಲೀಟರ್, ಅಂದರೆ ಊಟದ ಒಂದು ಚಮಚಕ್ಕೂ ಕಡಿಮೆ. ವಾಸ್ತವದಲ್ಲಿ ಉಳಿಯುವ ಪದರ ಒಂದು ಮೈಕ್ರಾನೂ ಇರುವುದಿಲ್ಲ. ಹೀಗಾಗಿ ದಪ್ಪ ಹಚ್ಚಿದರೆ ಹೆಚ್ಚು ಹೊಳೆಯುತ್ತದೆಂಬ ನಂಬಿಕೆಗೆ ಆಧಾರವಿಲ್ಲ. ಹೆಚ್ಚಿಗೆ ಹಾಕಿದ್ದೆಲ್ಲ ಒರೆಸುವ ಅರಿವೆಗೆ ಹೋಗುತ್ತದೆ, ಇಲ್ಲವೇ ಬಾಗಿಲ ಸಂದಿ, ಕಪ್ಪು ಪ್ಲಾಸ್ಟಿಕ್ ಪಟ್ಟಿ, ನಂಬರ್ ಪ್ಲೇಟಿನ ಅಂಚುಗಳಲ್ಲಿ ಬಿಳಿಯಾಗಿ ಕೂತು ಧೂಳು ಹಿಡಿಯುತ್ತದೆ.

ಫೋಮ್ ತುಂಡನ್ನು ನೀರಿನಲ್ಲಿ ತುಸು ತೇವ ಮಾಡಿ, ಮೇಣಕ್ಕೆ ಹಗುರಾಗಿ ತಾಗಿಸಿ, ಒಂದು ಸಲಕ್ಕೆ ಎರಡಡಿ ಅಗಲದ ಜಾಗವನ್ನಷ್ಟೇ ಹಿಡಿದು, ನೇರ ಗೆರೆಗಳಲ್ಲಿ ಹಚ್ಚಬೇಕು. ಸುತ್ತು ತಿರುಗಿಸಿ ಉಜ್ಜುವುದಕ್ಕಿಂತ ನೇರ ಗೆರೆ ಮೇಲು, ಏಕೆಂದರೆ ಅಕಸ್ಮಾತ್ ಗೀರು ಬಿದ್ದರೂ ಅದು ಒಂದೇ ದಿಕ್ಕಿನಿಂದ ಮಾತ್ರ ಕಾಣುತ್ತದೆ. ಆರಿದೆಯೇ ಎಂದು ತಿಳಿಯಲು ಬೆರಳ ತುದಿಯಿಂದ ಒಂದು ಗೆರೆ ಎಳೆಯುತ್ತಾರೆ: ಗೆರೆ ಸ್ವಚ್ಛವಾಗಿ ಬಂದರೆ ಒರೆಸಬಹುದು, ಜಿಡ್ಡಾಗಿ ಮೆತ್ತಿದರೆ ಇನ್ನೂ ಕಾಯಬೇಕು. ಮಾರ್ಚ್‌ನಿಂದ ಮೇವರೆಗೆ ಈ ಸೀಮೆಯ ಒಣ ಗಾಳಿಯಲ್ಲಿ ದ್ರಾವಕ ಬೇಗ ಆರಿ ಮೇಣ ಬಣ್ಣಕ್ಕೆ ಬಿಗಿದುಕೊಳ್ಳುತ್ತದೆ, ಒರೆಸಲು ಬಲ ಹಾಕಬೇಕಾಗುತ್ತದೆ. ಆದ್ದರಿಂದ ತಗಡು ತಣ್ಣಗಿರುವ ಬೆಳಗಿನ ಹೊತ್ತು, ನೆರಳು, ಗಾಳಿ ಬೀಸದ ಜಾಗ ಬೇಕು. ಕಿತ್ತೂರಿನ ಮಳೆಗಾಲದಲ್ಲಿ ಇದಕ್ಕೆ ವಿರುದ್ಧ. ತೇವದಿಂದಾಗಿ ಆರುವುದು ನಿಧಾನ. ಒರೆಸುವ ಅರಿವೆಯನ್ನು ಪದೇಪದೇ ಮಗ್ಗುಲು ಬದಲಿಸಬೇಕು.

ಯಂತ್ರದಿಂದ ಲೇಪನ

ಬಫಿಂಗ್ ಮಷಿನ್‌ಗಳಲ್ಲಿ ಎರಡು ಬಗೆ. ರೋಟರಿ ಒಂದೇ ಅಚ್ಚಿನ ಸುತ್ತ ಬಲವಂತವಾಗಿ ತಿರುಗುತ್ತದೆ; ಡ್ಯುಯಲ್ ಆಕ್ಷನ್ ಯಂತ್ರದ ಪ್ಯಾಡ್ ತಿರುಗುತ್ತಲೇ ಅತ್ತಿತ್ತ ಕಂಪಿಸುತ್ತದೆ, ಒತ್ತಿದರೆ ತಿರುಗುವುದನ್ನೇ ನಿಲ್ಲಿಸುತ್ತದೆ. ರೋಟರಿಯ ಬಿಸಿ ಒಂದೆಡೆ ಕೂಡುವುದರಿಂದ ಬಾನೆಟ್ಟಿನ ಮಡಿಕೆ, ಬಾಗಿಲ ಅಂಚಿನಂಥ ಬಣ್ಣ ತೆಳುವಿರುವ ಕಡೆ ಕೆಲವೇ ಕ್ಷಣದಲ್ಲಿ ಕ್ಲಿಯರ್ ಕೋಟ್ ಸುಟ್ಟು ಪ್ರೈಮರ್ ಕಾಣಬಹುದು. ಡೆಂಟಿಂಗ್-ಪೇಂಟಿಂಗ್ ಗ್ಯಾರೇಜಿನ ನುರಿತ ಕೈಗೆ ರೋಟರಿ ಸಲ್ಲುತ್ತದೆ. ಮೇಣ ಹಚ್ಚಲು ಅದರ ಅಗತ್ಯವಿಲ್ಲ. ಡ್ಯುಯಲ್ ಆಕ್ಷನ್ ಯಂತ್ರವಾದರೆ ಮೆದುವಾದ ಫಿನಿಶಿಂಗ್ ಫೋಮ್ ಹಾಕಿ, ಅತಿ ಕೆಳಗಿನ ವೇಗದಲ್ಲಿ, ಯಂತ್ರದ ಭಾರವನ್ನಷ್ಟೇ ಬಿಟ್ಟು ಹಚ್ಚಬೇಕು.

ಯಂತ್ರದ ಪರವಾದ ವಾದಗಳು ಮೂರು: ಪದರ ಸಮನಾಗಿ ಹರಡುತ್ತದೆ, ಹೊತ್ತು ಉಳಿಯುತ್ತದೆ, ಬಿಸಿಯಿಂದ ಮೇಣ ಬಿಗಿಯಾಗಿ ಕೂರುತ್ತದೆ. ಮೊದಲೆರಡು ನಿಜ. ಛಾವಣಿ, ಬಾನೆಟ್‌ನಂಥ ಅಗಲ ಜಾಗದಲ್ಲಿ, ಅದರಲ್ಲೂ ಕ್ರೂಸರ್, ಬೊಲೆರೊಗಳಂಥ ದೊಡ್ಡ ಮೈಗೆ ಯಂತ್ರದಿಂದ ರಟ್ಟೆಯ ಶ್ರಮ ಉಳಿಯುತ್ತದೆ. ದಿನಕ್ಕೆ ಹಲವು ಗಾಡಿ ಮುಗಿಸಬೇಕಾದ ಸರ್ವಿಸಿಂಗ್ ಸೆಂಟರ್‌ಗೆ ಅದು ಲಾಭವೇ. ಆದರೆ ಹಿಡಿಕೆ, ಕನ್ನಡಿ, ಕಂಪನಿಯ ಲಾಂಛನ, ಬಂಪರಿನ ಕೊರಕಲುಗಳನ್ನು ಹೇಗೂ ಕೈಯಿಂದಲೇ ಮಾಡಬೇಕು. ಮೂರನೆಯ ವಾದ ನಿಲ್ಲುವುದಿಲ್ಲ. ಕೆಳಗಿನ ವೇಗದಲ್ಲಿ ಹುಟ್ಟುವ ಬಿಸಿ ಅತ್ಯಲ್ಪ. ಬೇಸಿಗೆಯ ಬಿಸಿಲು ಅದಕ್ಕಿಂತ ಬಹಳ ಹೆಚ್ಚು ಬಿಸಿಯನ್ನು ಪುಕ್ಕಟೆ ಕೊಡುತ್ತದೆ. ಪದರ ಬಿಗಿಯುವುದು ಅಡಿಯ ಬಣ್ಣ ಎಣ್ಣೆ, ಮಣ್ಣು, ಹಳೆಯ ಮೇಣಗಳಿಂದ ಮುಕ್ತವಾಗಿದ್ದರೆ ಮಾತ್ರ.

‘ಯಂತ್ರದಲ್ಲಿ ಮಾಡಿಸಿದ ಗಾಡಿ ಕನ್ನಡಿಯಂತೆ ಹೊಳೆಯಿತು, ಕೈಯಲ್ಲಿ ಹಚ್ಚಿದ್ದು ಹಾಗೆ ಹೊಳೆಯಲಿಲ್ಲ’ ಎಂಬುದು ಅತಿ ಗಟ್ಟಿಯಾದ ಆಕ್ಷೇಪ. ನೋಟ ಸರಿ, ಕಾರಣ ಬೇರೆ. ಅಲ್ಲಿ ಮೇಣಕ್ಕೆ ಮೊದಲು ಪಾಲಿಶ್ ಅಥವಾ ಕಾಂಪೌಂಡ್ ಓಡಿರುತ್ತದೆ. ಗೀರುಗಳ ಅಂಚು ಸವೆದು ಬೆಳಕು ನೇರ ಪ್ರತಿಫಲಿಸುತ್ತದೆ. ಆ ಹೊಳಪು ಸವೆಸಿದ್ದರ ಫಲ, ಮೇಣದ್ದಲ್ಲ. ಕಡು ಕಾಂಪೌಂಡಿಂಗ್‌ನಲ್ಲಿ ಒಂದು ಸಲಕ್ಕೇ ಕೆಲವು ಮೈಕ್ರಾನ್ ಹೋಗಬಹುದು. 40 ಮೈಕ್ರಾನಿನ ಬಂಡವಾಳದಲ್ಲಿ ಇದನ್ನು ವರ್ಷವರ್ಷವೂ ಖರ್ಚು ಮಾಡಲಾಗದು. ಯಂತ್ರದ ನಿಜವಾದ ಕೆಲಸ ಈ ಅಪರೂಪದ ಪಾಲಿಶ್. ಅದಕ್ಕೆ ಕೈ ಸಾಟಿಯಲ್ಲ. ಮೇಣಕ್ಕೆ ಕೈ ಸಾಕು.

ಭಂಡಾರ, ಕುಂಕುಮ

ಸವದತ್ತಿಯ ಯಲ್ಲಮ್ಮನ ಗುಡ್ಡದಲ್ಲಿ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳ ಜಾತ್ರೆಗೆ ಬರುವ ವಾಹನಗಳ ಮೇಲೆ ಭಂಡಾರ ಬೀಳುತ್ತದೆ. ಖಂಡೆ ಪೂಜೆಗೆ, ದೀಪಾವಳಿಗೆ ಬಾನೆಟ್ಟಿಗೆ ಕುಂಕುಮ, ವಿಭೂತಿ ಹಚ್ಚುತ್ತಾರೆ. ಭಂಡಾರದ ಅರಿಷಿಣದಲ್ಲಿರುವ ಕರ್ಕ್ಯುಮಿನ್ ನೀರಿನಲ್ಲಿ ಕರಗದು, ಕೊಬ್ಬು-ಮೇಣಗಳಲ್ಲಿ ಕರಗುತ್ತದೆ. ಕ್ಷಾರ ತಾಗಿದರೆ ಕೆಂಪಾಗುತ್ತದೆ. ಸೋಪಿನ ಪುಡಿಯಿಂದ ತಿಕ್ಕಿದಾಗ ಬಿಳಿ ಕಾರಿನ ಮೇಲಿನ ಹಳದಿ ಕಲೆ ಕೆಂಪಗಾಗುವುದು ಇದರಿಂದಲೇ. ಮೇಣದ ಪದರವಿದ್ದರೆ ಬಣ್ಣ ಮೊದಲು ಅದಕ್ಕೆ ಹತ್ತುತ್ತದೆ. ಮೇಣ ಬಿಟ್ಟಾಗ ಕಲೆಯೂ ಬಿಡುತ್ತದೆ. ಉಳಿದ ಮಸುಕು ಹಳದಿಯನ್ನು ಬಿಸಿಲೇ ಕೆಲವು ದಿನಗಳಲ್ಲಿ ಅಳಿಸುತ್ತದೆ, ಏಕೆಂದರೆ ಕರ್ಕ್ಯುಮಿನ್ ಬೆಳಕಿಗೆ ಒಡೆಯುವ ವಸ್ತು. ಪುಡಿಯನ್ನು ಮೊದಲು ನೀರು ಹೊಯ್ದು ಇಳಿಸಬೇಕು, ಉಜ್ಜಬಾರದು. ಜಾತ್ರೆಗೋ ಪೂಜೆಗೋ ಒಂದೆರಡು ದಿನ ಮೊದಲು ಮೇಣ ಹಚ್ಚಿಟ್ಟರೆ ಭಕ್ತಿಗೂ ಬಣ್ಣಕ್ಕೂ ತೊಂದರೆಯಿಲ್ಲ.

ಸದ್ಯದ ಸ್ಥಿತಿ

ಟೆಫ್ಲಾನ್ ಕೋಟಿಂಗ್, ಸೆರಾಮಿಕ್ ಕೋಟಿಂಗ್ ಎಂಬ ಹೆಸರಿನ ದುಬಾರಿ ಲೇಪನಗಳು ಈಗ ಬಳಕೆಗೆ ಬಂದಿವೆ. ಸೆರಾಮಿಕ್ ಸಿಲಿಕಾ ಆಧಾರಿತ; ಮೇಣಕ್ಕಿಂತ ಗಡಸು, ರಾಸಾಯನಿಕಗಳನ್ನು ಹೆಚ್ಚು ತಾಳುತ್ತದೆ, ಬಾಳಿಕೆ ವರ್ಷಗಳ ಲೆಕ್ಕದ್ದು. ಹಾಗಿದ್ದಮೇಲೆ ಮೇಣವೇಕೆ ಎಂಬ ಪ್ರಶ್ನೆ ನ್ಯಾಯವಾದುದೇ. ಆದರೆ ಸೆರಾಮಿಕ್ ಹಚ್ಚುವ ಮುನ್ನ ಗೀರುಗಳನ್ನೆಲ್ಲ ಪಾಲಿಶ್ ಮಾಡಿ ತೆಗೆಯಬೇಕು, ಇಲ್ಲದಿದ್ದರೆ ಅವು ಲೇಪನದ ಅಡಿಯಲ್ಲೇ ಉಳಿಯುತ್ತವೆ. ಗಡಸು ನೀರಿನ ಚುಕ್ಕೆ ಅದರ ಮೇಲೂ ಬೀಳುತ್ತದೆ, ಕ್ವಾರ್ಟ್ಸ್ ಮರಳು ಅದನ್ನೂ ಗೀರುತ್ತದೆ. ಒಣ ಅರಿವೆಯ ರೂಢಿ ಬಿಡದವರ ಗಾಡಿಯನ್ನು ಸೆರಾಮಿಕ್ ಕಾಪಾಡಲಾರದು. ಬಿಟ್ಟವರಿಗೆ ಮೂರು-ನಾಲ್ಕು ತಿಂಗಳಿಗೊಮ್ಮೆ ಕೈಯಿಂದ ಹಚ್ಚಿದ ಸೀಲಂಟ್ ಕಡಿಮೆ ಖರ್ಚಿನಲ್ಲಿ ಬಹುಪಾಲು ಅದೇ ಕೆಲಸ ಮಾಡುತ್ತದೆ. ಮಳೆಗಾಲಕ್ಕೆ ಮುನ್ನ ಮೇ ಕೊನೆಯಲ್ಲಿ ಒಮ್ಮೆ, ಮಳೆ ನಿಂತು ರಸ್ತೆಯ ಕೆಸರು ಆರಿದ ಮೇಲೆ ಅಕ್ಟೋಬರ್‌ನಲ್ಲಿ ಒಮ್ಮೆ, ಕಬ್ಬಿನ ಹಂಗಾಮಿನ ನಡುವೆ ಒಮ್ಮೆ ಎಂದಿಟ್ಟುಕೊಂಡರೆ ಇಲ್ಲಿನ ಹವೆಗೆ ಸರಿಹೊಂದುತ್ತದೆ.

ಬಣ್ಣ ಮಾಡಿಸಿದ ಗಾಡಿಗಳ ವಿಷಯದಲ್ಲಿ ಎರಡು ನಿಯಮಗಳಿವೆ. ಕಾರ್ಖಾನೆಯ ಬಣ್ಣ ಒಲೆಯಲ್ಲಿ ಬೆಂದಿರುವುದರಿಂದ ಹೊಸ ಕಾರಿಗೆ ಮೊದಲ ದಿನದಿಂದಲೇ ಮೇಣ ಹಚ್ಚಬಹುದು. ಗ್ಯಾರೇಜಿನಲ್ಲಿ ಹೊಡೆದು ಗಾಳಿಗೆ ಆರಿಸಿದ ಬಣ್ಣದೊಳಗಿನ ದ್ರಾವಕ ಪೂರ್ತಿ ಹೊರಹೋಗಲು ವಾರಗಳೇ ಬೇಕು; ಕನಿಷ್ಠ 30 ದಿನ, ಮಳೆಗಾಲವಾದರೆ ಇನ್ನೂ ಹೆಚ್ಚು ಕಾಯುವುದು ವಾಡಿಕೆ. ಸಿಲಿಕೋನ್ ಇರುವ ಮೇಣದ ಒಂದು ತುಣುಕು ಉಳಿದ ತಗಡಿನ ಮೇಲೆ ಬಣ್ಣ ಹೊಡೆದರೆ ಅಲ್ಲಲ್ಲಿ ಮೀನುಗಣ್ಣಿನಂಥ ಕುಳಿಗಳು ಏಳುತ್ತವೆ. ಆದಕಾರಣ ಪೇಂಟಿಂಗ್‌ಗೆ ಮುಂಚೆ ತಗಡನ್ನು ಮೇಣ ತೆಗೆಯುವ ದ್ರಾವಕದಿಂದ ಒರೆಸಬೇಕು; ಮೇಣ ಹಚ್ಚುವ ಜಾಗ ಪೇಂಟಿಂಗ್ ಬೂತಿನಿಂದ ದೂರವಿರಬೇಕು, ಎರಡೂ ಕಡೆಯ ಅರಿವೆಗಳು ಒಂದರೊಡನೊಂದು ಬೆರೆಯಬಾರದು.